ಹುಳ ಮುಟ್ಟಿತೆಂದೆ

ದಕ್ಷಿಣೇಶ್ವರ, ಕೋಲ್ಕತ್ತ
೧೪ ಸೆಪ್ಟೆಂಬರ್ ೨೦೨೪

ಪ್ರೀತಿಯ ಶೋಭಕ್ಕನಿಗೆ, ನಿನ್ನ ತಂಗಿಯ ನಮಸ್ಕಾರ.

ಕಾಗದ ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ದಿನಾ ಫೋನು ಮಾಡುತ್ತೇನೆ ನಿಜ, ಆದರೆ ಆಸ್ಪತ್ರೆಯ ಗಲಾಟೆಯಲ್ಲಿ ಅರ್ಧ ನಿನಗೆ ಕೇಳಿಸುವುದಿಲ್ಲ, ಅರ್ಧ ನಾನು ಹೇಳುವುದಿಲ್ಲ. ಮಂಡಿ ಆಪರೇಷನ್ ಆಗಿ ಮಲಗಿರುವ ನೀನು ಮಗಳ ಹತ್ತಿರ ಬರಲಾಗದೆ ಎಷ್ಟು ಒದ್ದಾಡುತ್ತಿದ್ದೀಯೋ.

ಮೊದಲು ಒಳ್ಳೆಯ ಸುದ್ದಿ. ಸಿಂಧೂರಳಿಗೆ ನಿನ್ನೆ ಒಂದೂವರೆ ಲೀಟರ್ ಮೂತ್ರ ಹೋಯಿತು! ಹನ್ನೊಂದು ದಿನದಿಂದ ಆ ಅಳತೆಯ ಚೀಲ ನೋಡಿಕೊಂಡೇ ಜಪ ಮಾಡುತ್ತಿದ್ದೆ. "ಚಿಕ್ಕಮ್ಮ, ದೇವರನ್ನ ಎಂತೆಂಥದಕ್ಕೆಲ್ಲ ಕರೀತೀಯಾ!" ಎಂದು ಅವಳೇ ನಕ್ಕಳು. ನಾಲ್ಕು ಸಲ ಡಯಾಲಿಸಿಸ್ ಆಗಿದೆ. "ಕಿಡ್ನಿ ಚೇತರಿಸಿಕೊಳ್ಳುತ್ತಿದೆ ಮಾಶಿಮಾ, ಪೂರ್ತಿ ಸರಿಹೋಗುತ್ತದೋ ಈಗಲೇ ಹೇಳಲಾರೆ" ಎಂದರು ಡಾಕ್ಟರ್ ಬಸು. ಮಾಶಿಮಾ ಅಂದರೆ ಇಲ್ಲಿಯವರ ಚಿಕ್ಕಮ್ಮ.

ಪೂಜೆಗೆ ನಾಲ್ಕು ದಾಸವಾಳ ತಾ ಎಂದು ಅವಳನ್ನು ಹಿತ್ತಲಿಗೆ ಕಳಿಸಿದವಳು ನಾನೇ. ಅಲ್ಲಿ ಅವಳ ಕಾಲಿಗೆ ಕಚ್ಚಿದ್ದು, ಇಲ್ಲಿಯವರು ಚಂದ್ರಬೋಡಾ ಅನ್ನುವುದು, ನಮ್ಮ ಕೊಳಕುಮಂಡಲ ಹಾವೇ ಅಂತೆ. ಕಾಲು ಬಾಳೆದಿಂಡಿನ ಹಾಗೆ ಊದಿತು. ರಕ್ತವನ್ನು ಗಾಜಿನ ಕೊಳವೆಯಲ್ಲಿ ಇಪ್ಪತ್ತು ನಿಮಿಷ ಅಲುಗಿಸದೆ ಇಟ್ಟು ಓರೆ ಮಾಡಿದರೆ ಹೆಪ್ಪುಗಟ್ಟಿರಲೇ ಇಲ್ಲ, ನೀರಿನಂತೆ ಹರಿಯಿತು. ವಿಷ ಇಳಿಸುವ ಔಷಧಿ ಹತ್ತು ಸೀಸೆ ಡ್ರಿಪ್‌ನಲ್ಲಿ ಏರಿಸಿದರು, ಸಾಲದೆ ಮತ್ತೆ ಹತ್ತು. ಜನ ಜಾಸ್ತಿಯಿದ್ದು ಶುರು ಮಾಡಲು ಒಂದು ಗಂಟೆ ತಡವಾಯಿತೆಂದು ಆವತ್ತು ಹೇಳಿದ್ದೆನಲ್ಲ.

ಭಾವನವರಿಗೆ ನಮಸ್ಕಾರ ತಿಳಿಸು. ಕೋಲು ಹಿಡಿಯದೆ ಎದ್ದು ಓಡಾಡಬೇಡ. ನಿನ್ನ ಮಂಡಿಗೂ ಮಗಳ ಕಿಡ್ನಿಗೂ ಸೇರಿಸಿ ಒಂದೇ ದೀಪ ಹಚ್ಚುತ್ತಿದ್ದೇನೆ. ತಾಯಿ ಇಬ್ಬರನ್ನೂ ಕಾಯಲಿ.

ನಿನ್ನ
ಜಾನಕಿ

ತಾ.ಕ. ಕಾಗದ ಮಡಿಚಿ ಮತ್ತೆ ಬಿಚ್ಚಿದ್ದೇನೆ. ಆವತ್ತು ಜನವೇನೂ ಜಾಸ್ತಿ ಇರಲಿಲ್ಲ. ಹಾವು ಪೊದೆಯೊಳಕ್ಕೆ ಸರಿದದ್ದನ್ನು ಬಾಗಿಲಲ್ಲಿ ನಿಂತಿದ್ದ ನಾನು ಕಣ್ಣಾರೆ ಕಂಡಿದ್ದೆ. ಸಿಂಧೂರ ನೋಡಿರಲಿಲ್ಲ, ನೋವಿಗೆ ಅವಳಿಗೆ ಮಾತೂ ಹೊರಡುತ್ತಿರಲಿಲ್ಲ. ಅದರ ಹೆಸರೆತ್ತಬಾರದು, ಹುಳ ಮುಟ್ಟಿತು ಅನ್ನಬೇಕು ಎಂದು ಅವ್ವ ಕಲಿಸಿದ್ದಳಲ್ಲ. ನರ್ಸ್ "ಕ್ಯಾ ಹುವಾ?" ಎಂದು ಕೇಳಿದಾಗ ನನ್ನ ಬಾಯಿಂದ ಬಂದದ್ದು "ಕೀಡಾ ಕಾಟಾ." ಹಿಂದಿಯಲ್ಲಿ ಅದು ಬರೀ ಹುಳುವೇ. ತುರಿಕೆಗೊಂದು ಮಾತ್ರೆ ಕೊಟ್ಟು ಬೆಂಚಿನ ಮೇಲೆ ಕೂರಿಸಿದಳು. ಒಸಡಿನಲ್ಲಿ ರಕ್ತ ಕಂಡ ಮೇಲೆ ಡಾಕ್ಟರ್ "ಕೌನ್‌ಸಾ ಕೀಡಾ?", ಯಾವ ಹುಳ ಎಂದು ಗದರಿದರು. ಆಗ ಹಾವೆಂದು ಬಾಯಿಬಿಟ್ಟೆ, "ಸಾಂಪ್" ಎಂದೆ. ಆ ಒಂದು ಗಂಟೆಯೇ ಕಿಡ್ನಿಗೆ ಹೊಡೆತ ಕೊಟ್ಟಿರಬಹುದಂತೆ.

"ಅಮ್ಮಂಗೆ ಹೇಳ್ಬೇಡ ಚಿಕ್ಕಮ್ಮ" ಅನ್ನುತ್ತಾಳೆ ನಿನ್ನ ಮಗಳು. ಅಕ್ಕ, ಬಾಯಿಗೆ ಬಂದಹಾಗೆ ಬೈ. ಎಲ್ಲ ದೇವರಿಚ್ಛೆ ಎಂದು ಮಾತ್ರ ಅನ್ನಬೇಡ. ದೇವರು ನನ್ನ ಕಣ್ಣಿಗೆ ತೋರಿಸಿದ್ದ.