ಹಗುರಾದ ಲೆನ್ಸನ್ನೇ ಇಟ್ಟುಕೊಂಡೆ

ಉದಗೀರ
೧೪ ಮೇ ೨೦೨೪

ಪ್ರೀತಿಯ ಗೆಳತಿ ಸುಮಂಗಲಾ,

ನಿನ್ನ ಉಮಾಶ್ರೀಯ ನೆನಪುಗಳು. ಯೆಣೆಗೂರಿನಲ್ಲಿ ನೀವೆಲ್ಲ ಕ್ಷೇಮವೆಂದು ನಂಬಿದ್ದೇನೆ. ಯುಗಾದಿಗೇ ಬರೆಯಬೇಕಿತ್ತು, ತಡವಾಯಿತು, ಸಿಟ್ಟಾಗಬೇಡ. ಫೋನಿನಲ್ಲಿ ಹೇಳಲು ಹೋದರೆ ಅರ್ಧಕ್ಕೇ ಇಟ್ಟುಬಿಡುತ್ತೇನೆ. ಕಾಗದವಾದರೆ ನಡುವೆ ನಿಲ್ಲಿಸಿ, ಒಂದಿಷ್ಟು ಚಹಾ ಕುಡಿದು, ಮತ್ತೆ ಬರೆಯಬಹುದು.

ಮೊದಲು ಸಂತೋಷದ ಸುದ್ದಿ. ನಾನು ಮತ್ತೆ ಮದುವೆಗಳ ಫೋಟೋ ತೆಗೆಯಲು ಹೊರಟಿದ್ದೇನೆ. ಸೊಲ್ಲಾಪುರದ ಆಸ್ಪತ್ರೆಯಲ್ಲಿ ನೀನು ಮನೆಮಠ ಬಿಟ್ಟು ನನ್ನ ಪಕ್ಕದಲ್ಲಿ ಕುಳಿತಿದ್ದಾಗ, ಇನ್ನು ಕ್ಯಾಮೆರಾ ಮುಟ್ಟುವುದಿಲ್ಲ ಎಂದಿದ್ದೆನಲ್ಲ? ನೀನು ಮೋಸಂಬಿ ಸುಲಿದು ತೊಳೆಯನ್ನು ನನ್ನ ಕೈಗಿಟ್ಟೆ. ಅದಕ್ಕೆ ನಾನು ಋಣಿ.

ಆಪರೇಷನ್‌ನಲ್ಲಿ ಬಗಲಿನ ಗಂಟುಗಳನ್ನೂ ತೆಗೆದದ್ದರಿಂದ ಎಡಗೈ ಬಾತುಕೊಳ್ಳುತ್ತದೆ. ಭಾರ ಎತ್ತಬಾರದು ಎಂದು ಡಾಕ್ಟರು ಹೇಳಿದ್ದಾರೆ. ಅತ್ತೆ ಕಲ್ಯಾಣಮ್ಮ ಆಸ್ಪತ್ರೆಯಲ್ಲಿ ಕಲಿತು ಬಂದಂತೆ ದಿನಾ ಬೆಳಿಗ್ಗೆ ಕೈಯನ್ನು ಮೆಲ್ಲಗೆ ನೀವುತ್ತಾರೆ. ಒಂದು ದಿನವೂ ಬೇಸರಿಸಿಲ್ಲ.

ಹಳೆಯ ಲೆನ್ಸು ನಾನು ಮಲಗಿದ್ದ ತಿಂಗಳುಗಳಲ್ಲಿ ಬೂಷ್ಟು ಹಿಡಿದು ಹಾಳಾಯಿತು. ಹೊಸದಕ್ಕೆಂದು ನಾನೂ ನಮ್ಮವರೂ ಲಾತೂರಿಗೆ ಹೋದೆವು. ಅಂಗಡಿಯವನು ಎರಡನ್ನು ಮುಂದಿಟ್ಟ. ಒಂದು ಬಾಯಿ ಅಗಲವಾದದ್ದು, ಇನ್ನೊಂದಕ್ಕಿಂತ ಎರಡು ಪಟ್ಟು ಬೆಳಕು ಕುಡಿಯುವಂಥದು, ಆದರೆ ಕಲ್ಲಿನಂತೆ ಭಾರ. ಇನ್ನೊಂದು ಅದರ ಅರ್ಧ ತೂಕದ್ದು. ನಿನಗೆ ಗೊತ್ತು, ಮದುವೆ ಮನೆಯ ಕತ್ತಲೆ ಕೋಣೆಯಲ್ಲೂ ಫ್ಲಾಶ್ ಹೊಡೆಯದೆ ಚಿತ್ರ ತೆಗೆಯುವವಳು ಎಂದೇ ದೂರದ ನಿಲಂಗದವರೂ ನನ್ನನ್ನು ಕರೆಯುತ್ತಿದ್ದರು. ಆ ಹೆಸರನ್ನು ಬಿಡಲು ಮನಸ್ಸಾಗಲಿಲ್ಲ. ಲೆನ್ಸನ್ನು ಹೊರುವುದು ಎಡಗೈಯೇ. ಆದರೂ ಭಾರದ್ದೇ ಬೇಕೆಂದು ಹಟ ಹಿಡಿದೆ. ನಮ್ಮವರು ನನ್ನ ಮುಖ ನೋಡಿ, "ನಾ ಬ್ಯಾಡ ಅನ್ನಂಗಿಲ್ಲ ಉಮಾ. ಖರೆ, ಕೈ ನಿಂದದ," ಎಂದಷ್ಟೇ ಹೇಳಿದರು. ಅಂಗಡಿಯವನು ಒಳ್ಳೆಯವ. ಎರಡನ್ನೂ ಒಂದು ಮದುವೆಗೆ ಒಯ್ದು ನೋಡಿ, ಬೇಡದ್ದನ್ನು ತಂದುಕೊಡಿ ಎಂದ.

ಮದುವೆ ವಲಾಂಡಿಯಲ್ಲಿತ್ತು. ಮದುಮಗಳಿಗೆ ಅರಿಶಿಣ ಹಚ್ಚುವ ಶಾಸ್ತ್ರ ಒಳಗಿನ ಪಡಸಾಲೆಯಲ್ಲಿ. ಇದ್ದದ್ದು ಒಂದೇ ಕಿಟಕಿ. ಭಾರದ ಲೆನ್ಸು ಹಾಕಿದೆ. ಆಹಾ, ಏನು ಚಿತ್ರಗಳು ಬಂದವು ಗೊತ್ತೇ! ಹುಡುಗಿಯ ಕೆನ್ನೆಯ ಮೇಲಿನ ಹಸಿ ಅರಿಶಿಣ ಹೊಳೆಯುತ್ತಿತ್ತು. ಆದರೆ ಸ್ವಲ್ಪ ಹೊತ್ತಿಗೇ ಎಡಗೈ ಬಾತು ಬಳೆ ಬಿಗಿಯಾಯಿತು, ಬೆರಳುಗಳು ಜೋಮು ಹಿಡಿದವು. ಲೆನ್ಸು ಜಾರೀತೆಂದು ಹೆದರಿ ಹೊಸ್ತಿಲ ಮೇಲೆ ಕುಳಿತುಬಿಟ್ಟೆ. ನಮ್ಮವರು ಹೊರಗೆ ವರನ ಕಡೆಯವರ ಫೋಟೋ ತೆಗೆಯುತ್ತಿದ್ದರು.

ಮದುಮಗಳ ಅಜ್ಜಿ ಪ್ರಯಾಗಬಾಯಿ ಬಂದು ನನ್ನ ಕೈ ಹಿಡಿದು ನೋಡಿದರು. ಏನಾಗಿದೆ ಎಂದು ಕೇಳಿದರು. ಮನೆಯವರನ್ನೂ ನಿನ್ನನ್ನೂ ಬಿಟ್ಟು ಈವರೆಗೆ ಯಾರಿಗೂ ಹೇಳದ ರೋಗದ ಹೆಸರನ್ನು ಆ ಮುದುಕಿಗೆ ಹೇಳಿಬಿಟ್ಟೆ. ಒಳಗೆ ಬೆಳಕು ಸಾಲದು, ಅದಕ್ಕೇ ಈ ಭಾರ ಹೊತ್ತಿದ್ದೇನೆ ಎಂದೂ ಹೇಳಿದೆ.

ಅವರು ಮರುಗಲಿಲ್ಲ, ಹಣೆ ಚಚ್ಚಿಕೊಳ್ಳಲಿಲ್ಲ. "ಬೆಳಕು ಹೊರಗ ಬಿದ್ದದಲ್ಲ ಯವ್ವಾ, ನೀ ಯಾಕ ವಜನ ಹೊರ್ತಿ? ನಾವೇ ಹಂದರಕ್ಕ ಬರ್ತೀವಿ," ಎಂದು ಎದ್ದರು.

ಶಾಸ್ತ್ರದ ನಡುವೆ ಮಣೆ ಎತ್ತಬಾರದೆಂದು ಯಾರೋ ಹೆಂಗಸರು ಮರಾಠಿಯಲ್ಲಿ ತಕರಾರು ತೆಗೆದರು. ತನ್ನ ಮೊಮ್ಮಗಳ ಮಣೆ ತಾನೇ ಎತ್ತುತ್ತೇನೆಂದು ಅಜ್ಜಿ ಬಗ್ಗಿದ ಕೂಡಲೇ ತಕರಾರು ತೆಗೆದವರೇ ಬಂದು ಹಿಡಿದರು. ಮಣೆ, ಅರಿಶಿಣದ ಬಟ್ಟಲು, ಮದುಮಗಳು, ಹಾಡು ಹೇಳುವವರು, ಎಲ್ಲರೂ ಅಂಗಳದ ಹಂದರಕ್ಕೆ ಬಂದರು. ಹಗುರಾದ ಲೆನ್ಸು ಹಾಕಿ ಉಳಿದ ಶಾಸ್ತ್ರವನ್ನೆಲ್ಲ ತೆಗೆದೆ. ಕಣ್ಣು ಮಂಜಾಗಿ ಕೆಲವು ಕೆಟ್ಟಿವೆ, ಅದು ಲೆನ್ಸಿನ ತಪ್ಪಲ್ಲ.

ಭಾರದ್ದನ್ನು ಮರಳಿಸಿದೆವು. ಕತ್ತಲೆ ಕೋಣೆಯ ಚಿತ್ರಗಳು ಇನ್ನು ಮೊದಲಿನಂತೆ ಬರಲಿಕ್ಕಿಲ್ಲ. ಬೇಸರವಿದೆ, ಇಲ್ಲವೆಂದರೆ ಸುಳ್ಳು. ಆದರೆ ಈಗ ಮದುವೆ ಒಪ್ಪುವ ಮೊದಲೇ, ಬೆಳಕಿರುವಲ್ಲಿ ಕೂರಿಸುತ್ತೀರಾ ಎಂದು ಬಾಯಿಬಿಟ್ಟು ಕೇಳುತ್ತೇನೆ. ಈವರೆಗೆ ಯಾರೂ ಇಲ್ಲ ಎಂದಿಲ್ಲ.

ನಿನ್ನ ಮನೆಯ ದೀಪ ತಂಪಾಗಿ ಉರಿಯಲಿ. ಮಕ್ಕಳಿಗೆ ನನ್ನ ಆಶೀರ್ವಾದ ತಿಳಿಸು.

ನಿನ್ನ,
ಉಮಾಶ್ರೀ

ತಾ.ಕ.: ಕಾಗದ ಮಡಚಿದ ಮೇಲೆ ಬರೆಯುತ್ತಿದ್ದೇನೆ. ಈಗಷ್ಟೇ ನಮ್ಮವರು ಕ್ಯಾಮೆರಾ ಹಿಡಿದು, "ಉಮಾ, ಕಟ್ಟಿ ಮ್ಯಾಲ ಕೂಡು, ನಿಂದೊಂದು ತೆಗೀತೀನಿ," ಎಂದರು. ಕೈ ನೋಯುತ್ತಿದೆ ಎಂದು ಒಳಗೆ ಬಂದೆ. ಕೈ ನೋಯುತ್ತಿರಲಿಲ್ಲ ಸುಮಾ. ಎದೆಯ ಎಡಬದಿ ಬರಿದಾದ ಮೇಲೆ ನಾನು ಯಾವ ಕ್ಯಾಮೆರಾದ ಎದುರಿಗೂ ನಿಂತಿಲ್ಲ. ಸೆರಗು ಎಷ್ಟು ಸರಿಮಾಡಿದರೂ ನನಗೆ ಅದೇ ಕಾಣುತ್ತದೆ. ಅವರು ಇನ್ನೂ ಹೊರಗೆ ಲೆನ್ಸು ಒರೆಸುತ್ತ ಕುಳಿತಿದ್ದಾರೆ. ಒಬ್ಬಳೇ ನಿಲ್ಲಲು ನನ್ನಿಂದ ಆಗದು. ಈ ತಿಂಗಳು ಒಮ್ಮೆ ಬಾ. ಬಂದು ನನ್ನ ಎಡಕ್ಕೆ ನಿಲ್ಲು.