ಕೊಕ್ಕೆ ತೆಗೆದ ಬೋಲ್ಟುಗಳು

ಮಾರ್ಚ್ 3, ಸೋಮವಾರ. ಬೆಳಿಗ್ಗೆ 7

ಮತ್ತೆ ಅದೇ ಲೆಕ್ಕ. ಆಸ್ಪತ್ರೆ ಬಾಗಿಲಿನ ಮುಂದಿನ ಚಾವಣಿ. ಆರು ಉಕ್ಕಿನ ಕಂಬ, ಒಂದೊಂದಕ್ಕೂ ನಾಲ್ಕು ಬೋಲ್ಟ್. ಗಾಳಿ ಬಂದರೆ ಚಾವಣಿಯನ್ನು ಮೇಲಕ್ಕೆತ್ತುತ್ತದೆ. ಆಗ ಹಿಡಿದುಕೊಳ್ಳುವುದು ಕಾಂಕ್ರೀಟಿನೊಳಗೆ ಹೂತ ಬೋಲ್ಟಿನ ತುದಿಯ ಕೊಕ್ಕೆ. ಬೋಲ್ಟುಗಳು ಅಂಚಿಗೆ ತೀರ ಹತ್ತಿರ ಅಂತ ಡ್ರಾಯಿಂಗ್ ತಡೆಹಿಡಿದಿದ್ದೇನೆ.

ಅದಕ್ಕೇ ಆಫೀಸಿನಲ್ಲಿ ನನಗೆ ‘ಕೊಕ್ಕೆ ಮೇಡಂ’ ಅಂತ ಹೆಸರು. ಎಲ್ಲದಕ್ಕೂ ಕೊಕ್ಕೆ ಹಾಕುತ್ತೇನಂತೆ. ಅತ್ತೆಯ ಕಿವಿಗೂ ಬಿದ್ದಿದೆ. ಚಹಾ ಕೊಡುತ್ತಾ, ಇದಕ್ಕೇನೂ ಕೊಕ್ಕೆ ಇಲ್ಲ ತಾನೇ ಅಂದರು. ನಗು ಬರಲಿಲ್ಲ.

ಮಾರ್ಚ್ 6

ಕಂಬದ ಬುಡದ ಕಾಂಕ್ರೀಟ್ ಪೀಠ, ಪೆಡೆಸ್ಟಲ್, ಅಗಲ ಮಾಡಿ ಹೊಸ ಡ್ರಾಯಿಂಗ್ ಕಳಿಸಿದೆ. ಅಲ್ಲಿಗೆ ನನ್ನ ತಕರಾರು ಮುಗಿಯಿತು.

ಮಧ್ಯಾಹ್ನ ಸೈಟಿನಿಂದ ಗುತ್ತಿಗೆದಾರರ ಮೇಸ್ತ್ರಿ ಫೋನ್. ಹಿಂದೆ ಮಿಕ್ಸರ್ ಗದ್ದಲ. ಕೊಕ್ಕೆ ಅಡ್ಡ ಬರ್ತಿದೆ ಮೇಡಂ, ಅಂದ. ಇವನಿಗೂ ಗೊತ್ತಾ ಆ ಹೆಸರು! ಮೈಯೆಲ್ಲ ಉರಿಯಿತು. ಕೊಕ್ಕೆ ತೆಗೆದಾಯ್ತು, ಮುಂದುವರಿಸಿ ಅಂತ ಹೇಳಿ ಫೋನ್ ಕುಕ್ಕಿದೆ.

ಮಾರ್ಚ್ 19. ಸಂಜೆ

ಸಿಟ್ಟು ಇನ್ನೂ ಇಳಿದಿಲ್ಲ. ಸೈಟಿನ ಮೂಲೆಯಲ್ಲಿ ಕತ್ತರಿಸಿದ ಕೊಕ್ಕೆಗಳ ಗುಡ್ಡೆ. ಎಣಿಸಿದೆ. ಇಪ್ಪತ್ನಾಲ್ಕು. ಒಂದೂ ಬಿಟ್ಟಿಲ್ಲ. ಕಾಂಕ್ರೀಟ್ ಹಾಕಿ ಆಗಲೇ ವಾರ ಕಳೆದಿದೆ. ಒಳಗಿರುವುದು ಬರೀ ನುಣುಪು ಸರಳು. ಒಂದು ಬೋಲ್ಟಿಗೆ ಜ್ಯಾಕ್ ಕಟ್ಟಿ ಎಳೆಸಿದೆ. ತಡೆಯಬೇಕಾದ ಭಾರದ ಅರ್ಧಕ್ಕೇ ಜಾರಿ ಬಂತು, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ. ರೋಗಿಗಳು ನಿಲ್ಲುವ ಜಾಗ ಅದು!

ಮೇಸ್ತ್ರಿ ಊಟಕ್ಕೆ ಹೋಗಿದ್ದ. ಕಾಯಲಿಲ್ಲ. ನೇರ ಆಫೀಸಿಗೆ ಬಂದು ಗುತ್ತಿಗೆದಾರರಿಗೆ ಪತ್ರ ಬರೆದೆ. ಯಾರನ್ನೂ ಕೇಳದೆ ಕತ್ತರಿಸಿದ್ದಾರೆ ಅಂತ ಖಾರವಾಗಿಯೇ ಬರೆದೆ. ನಮ್ಮ ಸಾಹೇಬರು ಓದಿ, ಭೇಷ್ ಅಂದರು. ಮೊದಲ ಸಲ.

ಮಾರ್ಚ್ 20

ಮೇಸ್ತ್ರಿಯನ್ನು ಕೆಲಸದಿಂದ ತೆಗೆದರಂತೆ. ಇಪ್ಪತ್ತೆರಡು ವರ್ಷದಿಂದ ಅಲ್ಲೇ ಇದ್ದನಂತೆ. ಇದ್ದರೇನು? ಆರೂ ಪೆಡೆಸ್ಟಲ್ ಒಡೆಯಬೇಕು. ಮಾಡಿದ್ದುಣ್ಣಲಿ.

ಮಾರ್ಚ್ 21. ಮಧ್ಯಾಹ್ನ 3

ಮೇಸ್ತ್ರಿ ಆಫೀಸಿಗೇ ಬಂದ. ಗೇಟಿನಲ್ಲೇ ತಡೆದಿದ್ದರು. ಉಗಿಯಬೇಕೆಂದೇ ಕೆಳಗಿಳಿದೆ.

ಅವನು ದನಿ ಏರಿಸಲಿಲ್ಲ. “ಕೊಕ್ಕೆ ಒಳಗಿನ ಕಬ್ಬಿಣದ ಕಂಬಿಗೆ ಅಡ್ಡ ಬರ್ತಿತ್ತು. ಫೋನ್ ಮಾಡಿ ಕೇಳಿದ್ನಲ್ಲ ಮೇಡಂ. ಕೊಕ್ಕೆ ತೆಗೆದ್ರಾಯ್ತು, ಮುಂದುವರಿಸಿ ಅಂದ್ರಿ. ತೆಗೆದೆ.”

ತೆಗೆದ್ರಾಯ್ತು. ನಾನಂದಿದ್ದು ತೆಗೆದಾಯ್ತು. ಅವನು ಬೋಲ್ಟಿನ ಕೊಕ್ಕೆ ಕೇಳಿದ್ದ, ನಾನು ನನ್ನ ಕೊಕ್ಕೆಗೆ ಉತ್ತರ ಕೊಟ್ಟೆ... ನೋಡ್ತೀನಿ ಅಂದೆ. ನೋಡ್ತೀನಿ! ಅಷ್ಟೇ ಬಾಯಿಗೆ ಬಂದದ್ದು. ಮೇಸ್ತ್ರಿ ತಲೆ ತಗ್ಗಿಸಿ ಹೊರಟುಹೋದರು.

ಸಂಜೆ 5

ಸಾಹೇಬರಿಗೆ ಎಲ್ಲ ಹೇಳಿದೆ. ಪತ್ರ ಹೋಗಿಯಾಯಿತು, ಈಗ ಬಾಯಿಬಿಟ್ಟರೆ ಆಫೀಸಿನ ಮಾನ ಹೋಗುತ್ತೆ, ಮೇಸ್ತ್ರಿಗೆ ಇಲ್ಲಿ ಇಲ್ಲದಿದ್ದರೆ ಇನ್ನೊಂದು ಕಡೆ ಕೆಲಸ ಸಿಗುತ್ತೆ — ಪಾಠ ಒಪ್ಪಿಸಿದ ಹಾಗೆ ಹೇಳಿದರು. ಥೂ. ಅದಕ್ಕಿಂತ ನಾಚಿಕೆಗೇಡು, ಒಂದು ಕ್ಷಣ ನನಗೂ ಸರಿ ಅನ್ನಿಸಿತು.

ಮಾರ್ಚ್ 23, ಭಾನುವಾರ

ಎರಡು ದಿನದಿಂದ ಪಾತ್ರೆ ಕುಕ್ಕುತ್ತಿದ್ದೇನೆ. ಅತ್ತೆ ಕೂರಿಸಿಕೊಂಡು ಕೇಳಿದರು. ಹೇಳಿದೆ. ಸಮಾಧಾನ ಮಾಡುತ್ತಾರೆ ಅಂದುಕೊಂಡಿದ್ದೆ.

“ಊರಿಗೆಲ್ಲ ಕೊಕ್ಕೆ ಹಾಕ್ತೀಯಲ್ಲಮ್ಮ,” ಅಂದರು. “ನಿನಗೆ ಯಾರು ಹಾಕ್ಬೇಕು?”

ಮಾರ್ಚ್ 24. ಸಂಜೆ

ಎರಡನೆಯ ಪತ್ರ. ತಪ್ಪು ಆದೇಶ ಕೊಟ್ಟವಳು ನಾನು ಅಂತ ಬರೆದು ಸಹಿ ಹಾಕಿದೆ. ಕಳಿಸಿದರೆ ನಾಳೆಯಿಂದ ಬರಬೇಡಿ ಅಂದರು ಸಾಹೇಬರು. ನಾನೇ ಹೋಗಿ ಗುತ್ತಿಗೆದಾರರ ಕೈಗೆ ಕೊಟ್ಟೆ. ಮೇಸ್ತ್ರಿಯನ್ನು ವಾಪಸ್ ಕರೆಸುತ್ತಾರಂತೆ.

ಅಲ್ಲಿಂದ ಮೇಸ್ತ್ರಿಯವರ ಮನೆಗೆ. ಬಾಗಿಲಲ್ಲೇ ನಿಂತು ಪ್ರತಿಯನ್ನು ಎರಡು ಸಲ ಓದಿದರು. ಕುರ್ಚಿ ತಂದು ಹಾಕಿದರು. ಆಮೇಲೆ ಮೆಲ್ಲಗೆ:

“ಫೋನಲ್ಲಿ ತಪ್ಪು ಕೇಳಿಸ್ಕೊಂಡೆ, ಸರಿ. ಆದ್ರೆ ಮೊದಲ್ನೇ ಪತ್ರದಲ್ಲಿ ‘ಯಾರನ್ನೂ ಕೇಳದೆ’ ಅಂತ ಬರೆದಿದ್ರಲ್ಲ ಮೇಡಂ. ಅದು ಯಾಕೆ?”

ಸಿಟ್ಟಿನಲ್ಲಿ ಬರೆದೆ ಅಂದೆ. ಅವರು ನಂಬಿದರು. ಆಯ್ತು ಬಿಡಿ ಅಂದರು.

ಸಿಟ್ಟಲ್ಲ. ಆ ಸಾಲು ಬರೆಯುವಾಗ ಅವರ ಫೋನ್ ನೆನಪಾಗಿತ್ತು. ಪೆನ್ನು ನಿಂತಿತ್ತು ಕೂಡ. ನೆನಪಾಗಿಯೂ ನಾನು —