ಕಿವಿಯಳತೆ

ಜನವರಿ 8, ಬುಧವಾರ. ಬೆಳಿಗ್ಗೆ 10.40

ಶಟರ್ ಎತ್ತುವಾಗ ಮತ್ತೆ ಸೊಂಟ ಹಿಡಿಯಿತು. ಎಣ್ಣೆ ಹಾಕಬೇಕು — ಶಟರ್‌ಗೆ. ನನಗೂ.

ನಾನು ಬರುವ ಮೊದಲೇ ಒಬ್ಬ ಹಿರಿಯರು ಅಂಗಡಿ ಮುಂದೆ ಕಾಯುತ್ತಿದ್ದರು. ಚಂದ್ರಶಾ, ಕಮಲಾಪುರದವರು. ಮೂವತ್ತು ವರ್ಷ ಸರ್ಕಾರಿ ಬಸ್ ಓಡಿಸಿ ಹೋದ ವರ್ಷ ನಿವೃತ್ತಿ. ಸೆಕೆಂಡ್ ಹ್ಯಾಂಡ್ ಬೊಲೆರೊ ಕೊಂಡಿದ್ದಾರೆ. ಅದರ ಹಿಂದೆ ದಪ್ಪ ಸದ್ದಿನ ಸ್ಪೀಕರ್, ಹದಿನೈದಿಂಚಿನ ವೂಫರ್ ಬೇಕಂತೆ, ಎರಡು. ಮೊಮ್ಮಗನ ಹಟ ಇರಬೇಕು ಎಂದುಕೊಂಡು ಕೇಳಿದೆ.

"ನನಗೇ ರೀ. ಡೊಳ್ಳ ಬಾರಿಸಾಂವ ನಾ. ಈಗ ಭುಜ ಮ್ಯಾಲ ಏಳಂಗಿಲ್ಲ. ನಮ್ ಮೇಳದ್ದು ರೆಕಾರ್ಡಿಂಗ್ ಅದ, ಮೊಬೈಲ್‌ನ್ಯಾಗ ಹಚ್ಚಿದ್ರ ತಗಡ ಬಡದಂಗ ಕೇಳ್ತದ. ಡೊಳ್ಳಂದ್ರ ಎದಿಗಿ ಬಡೀಬೇಕ್ರಿ."

ಬಂದವರಿಗೆಲ್ಲ ಹೇಳುವುದನ್ನೇ ಹೇಳಿದೆ. ಸ್ಪೀಕರ್ ಕೂರಿಸುವ ಡಬ್ಬಿ ಸೀಲ್ಡ್ ಎಂದರೆ ಗಾಳಿಗೆ ದಾರಿ ಇಲ್ಲ; ಪೆಟ್ಟು ಬಿಗಿ, ಸದ್ದು ಸ್ವಲ್ಪ ಕಡಿಮೆ. ಪೋರ್ಟೆಡ್ ಎಂದರೆ ಒಂದು ಕಿಂಡಿ. ಅದೇ ಪವರ್‌ಗೆ ಹೆಚ್ಚು ಸದ್ದು, ಆದರೆ ಡಬ್ಬಿ ದೊಡ್ಡದು, ಅಳತೆ ತಪ್ಪಿದರೆ ಬರೀ ಬುಸ್ ಬುಸ್. ಅವರು ಎಲ್ಲ ಕೇಳಿ, "ನಿಮ್ ಕಿವಿಗಿ ಯಾವದ್ ಚಲೋ ಅನಸ್ತದೋ ಅದನ್ನ ಮಾಡ್ರಿ. ಝಹೀರಸಾಬರ ಕಿವಿ ಅಂತ ಹೆಸರ ಕೇಳಿ ಬಂದೀನಿ" ಎಂದರು.

ಇಪ್ಪತ್ತೆರಡು ವರ್ಷದಿಂದ ಅದೊಂದೇ ಬಂಡವಾಳ. ಸೇಡಂ ರಸ್ತೆಯ ಬೇರೆ ಅಂಗಡಿಯವರು ಸದ್ದಿನ ಮಟ್ಟ ಗೊತ್ತುಮಾಡಲು ಮೀಟರ್ ಹಿಡಿಯುತ್ತಾರೆ. ನಾನು ಆಂಪ್ಲಿಫೈಯರ್‌ನ ತಿರುಪು ತಿರುಗಿಸುತ್ತ ಹೋಗುತ್ತೇನೆ, ಸದ್ದು ಒಡೆಯಿತು ಎನ್ನುವಾಗ ಕೂದಲೆಳೆಯಷ್ಟು ಹಿಂದೆ. ಮುಗಿಯಿತು.

ಈ ವರ್ಷದ ಸೊಳ್ಳೆ ಬೇರೆ ಜಾತಿ. ಗುಂಯ್ ಎನ್ನುವುದೇ ಇಲ್ಲ, ಸೀದಾ ಕಚ್ಚುತ್ತವೆ.

ಜನವರಿ 11, ಶನಿವಾರ

ಡಬ್ಬಿ ಮಾಡಿಸುವ ಕಪನೂರಿನ ಶೆಡ್‌ನಲ್ಲಿ ಮಧ್ಯಾಹ್ನದವರೆಗೆ. ಪೋರ್ಟೆಡ್ ಎಂದೇ ತೀರ್ಮಾನ. ಬಡಗಿ ಕಾಮ್ರಾನ್ ಪ್ಲೈ ಕೊಯ್ದಿಟ್ಟಿದ್ದ. ಸ್ಪೀಕರ್ ಕೂರುವ ಮುಖಕ್ಕೆ ಎರಡು ಪದರ, ಒಳಗೆ ಅಡ್ಡಪಟ್ಟಿ. ಗಾಡಿಯ ಹಿಂದಿನ ಸೀಟು ಎರಡೂ ತೆಗೆಯಬೇಕು.

ಪವರ್‌ನದೇ ತಲೆನೋವು. ಚಂದ್ರಶಾ ಕಾಕಾ ಎರಡು ಸಾವಿರ ವ್ಯಾಟ್ ಎಂದು ಕೂತಿದ್ದರು. ಗಾಡಿಯಲ್ಲಿ ಕರೆಂಟ್ ಹುಟ್ಟಿಸುವ ಆಲ್ಟರ್ನೇಟರ್‌ಗೆ ಅಷ್ಟು ಶಕ್ತಿ ಎಲ್ಲಿಂದ ಬರಬೇಕು? ಒಂದೊಂದು ಪೆಟ್ಟಿಗೂ ಹೆಡ್‌ಲೈಟ್ ಕಣ್ಣು ಹೊಡೆಯುತ್ತದೆ. ಸಾವಿರದ ಇನ್ನೂರಕ್ಕೆ ಒಪ್ಪಿಸಿದೆ. ಹೆಬ್ಬೆರಳು ದಪ್ಪದ ತಾಮ್ರದ ವೈರ್, ಬ್ಯಾಟರಿಯಿಂದ ಗೇಣು ದೂರದಲ್ಲೇ ಫ್ಯೂಸ್.

ಕಾಮ್ರಾನ್ ಈಚೆಗೆ ಕೂಗಿ ಮಾತಾಡುತ್ತಾನೆ. ಯಾಕೆ ಎಂದು ಕೇಳಿದರೆ ನಗುತ್ತಾನೆ. ಮರ ಕೊಯ್ಯುವ ಮಷಿನ್ ಪಕ್ಕ ಇದ್ದೂ ಇದ್ದೂ ಅವನ ಕಿವಿ ಹೋಗಿರಬೇಕು, ಪಾಪ.

ಜನವರಿ 17, ಶುಕ್ರವಾರ. ಸಂಜೆ

ಬೊಲೆರೊ ಫಿಟಿಂಗ್ ಮುಗಿಯಿತು. ಕಾಕಾನ ರೆಕಾರ್ಡಿಂಗ್ ಹಚ್ಚಿ ತಿರುಪು ತಿರುಗಿಸಿದೆ. ಒಡೆಯಲಿಲ್ಲ. ಇನ್ನೂ ತಿರುಗಿಸಿದೆ. ಆಗಲೂ ಇಲ್ಲ. ಒಳ್ಳೇ ಆಂಪ್ಲಿಫೈಯರ್ ಎಂದುಕೊಂಡೆ. ಕಾಕಾ ಕತ್ತು ವಾರೆ ಮಾಡಿ ನಿಂತಿದ್ದರು.

"ಏನೋ ಅರಿವಿ ಹರದಂಗ ಸಪ್ಪಳ ಬರ್ತದಲ್ರಿ?"

"ರೆಕಾರ್ಡಿಂಗ್ ಹಂಗದ ಕಾಕಾ. ಮೊಬೈಲ್‌ನ್ಯಾಗ ಮಾಡಿದ್ದು."

ತಲೆಯಾಡಿಸಿ ಗಾಡಿ ಹತ್ತಿದರು. ಒಳ್ಳೆಯ ಮನುಷ್ಯ.

ಮನೆಯಲ್ಲಿ ಬೇರೆಯದೇ ಸಂತೆ. ನಮ್ಮ ಮನೆಯಾಕೆ ಲತೀಫಾಳ ಅಕ್ಕ ಮಸ್ತಾನಬಿ ಬಸ್ ಸ್ಟ್ಯಾಂಡ್‌ನಲ್ಲಿ ಎರಡು ತಾಸು ಕಾದು, ಆಟೊ ಹಿಡಿದು, ಮುಖ ಊದಿಸಿಕೊಂಡು ಬಂದಳಂತೆ. ನಾನು ಕರೆತರಬೇಕಿತ್ತಂತೆ. ನನಗೆ ಯಾರೂ ಹೇಳಿಲ್ಲ. "ತುಮೆ ಹ್ಞೂಂ ಬೋಲೆ ನಾ?" — ಲತೀಫಾ ಕೇಳಿದಳು. ಹ್ಞೂಂ ಎಂದಿದ್ದೆನಂತೆ. ಇರಬಹುದು. ಒಲೆಯ ಕಡೆ ಮುಖ ಮಾಡಿ ಗೊಣಗಿದರೆ ಯಾರಿಗೆ ಏನು ತಿಳಿಯುತ್ತದೆ? ಮದುವೆಯ ಹೊಸದರಲ್ಲಿ ಹೀಗೆ ಗೊಣಗುತ್ತಿರಲಿಲ್ಲ.

ಇದನ್ನೆಲ್ಲ ಕನ್ನಡದಲ್ಲಿ ಬರೆಯುವುದೇ ಒಳ್ಳೆಯದು. ಅವಳಿಗೆ ಉರ್ದು ಮಾತ್ರ ಓದಲು ಬರುತ್ತದೆ.

ಜನವರಿ 21, ಮಂಗಳವಾರ

ಕಾಕಾನ ಒಂದು ವೂಫರ್ ಹೋಯಿತು. ಒಳಗಿನ ತಂತಿಯ ಸುರುಳಿ, ಕಾಯಿಲ್, ಸುಟ್ಟಿದೆ. ಬಿಚ್ಚಿದರೆ ಅದೇ ವಾಸನೆ — ವಾರ್ನಿಷ್ ಹೊತ್ತಿದ್ದು.

ಮೊದಲು ಡಬ್ಬಿಯನ್ನು ಬೈದೆ. ಕಿಂಡಿಯ ಅಳತೆಯಲ್ಲಿ ಕಾಮ್ರಾನ್ ತಪ್ಪಿದ್ದಾನೆ ಎಂದೆ. ಅವನು ಟೇಪು ಹಿಡಿದು ತೋರಿಸಿದ, ಒಂದು ನೂಲೂ ಆಚೀಚೆ ಇಲ್ಲ. ಆಮೇಲೆ ಬ್ಯಾಟರಿಯನ್ನು ಬೈದೆ. ಬೈಗುಳ ತಿನ್ನಲು ಇನ್ನಾರೂ ಉಳಿಯದಿದ್ದಾಗ ಸೀಲ್ಡ್ ಡಬ್ಬಿ ಮಾಡೋಣ, ಎರಡನೇ ಬ್ಯಾಟರಿ ಕೂರಿಸೋಣ ಎಂದೆ.

ಸುಸ್ತು. ಕೆಲಸದ್ದಲ್ಲ. ತಪ್ಪು ಎಲ್ಲಿದೆ ಎಂದು ತಿಳಿಯದ ಸುಸ್ತು.

ಜನವರಿ 25

ಸೀಲ್ಡ್ ಡಬ್ಬಿ, ಹೊಸ ಕಾಯಿಲ್, ಎರಡು ಬ್ಯಾಟರಿ. ಮತ್ತೆ ಕಿವಿಯಿಂದಲೇ ಸೆಟ್ ಮಾಡಿದೆ. ಕಾಕಾ ಈ ಸಲ ನನ್ನ ಮುಖವನ್ನೇ ನೋಡುತ್ತಿದ್ದರು. ಕಾಮ್ರಾನ್ ಮಾತ್ರ "ಭಾಯಿ, ಥೋಡಾ ಕಮ್..." ಎಂದ. ಕಡಿಮೆ ಮಾಡುವುದಿಲ್ಲ, ಸುಮ್ಮನಿರು ಎಂದೆ.

ಜನವರಿ 30

ಕಾಕಾನ ಫೋನ್ ಬಂತು. ಅದೇ ವಾಸನೆಯಂತೆ.

ಫೆಬ್ರವರಿ 2, ಭಾನುವಾರ. ಕಮಲಾಪುರದಿಂದ ಬಂದ ಮೇಲೆ

ಅವರನ್ನು ಇನ್ನೆಷ್ಟು ಸಲ ಓಡಾಡಿಸಲಿ? ನಾನೇ ಬಸ್ ಹತ್ತಿದೆ. ಅವರ ಮನೆಯಾಕೆ ಭೀಮಬಾಯಿ ಕೆಂಪು ಬಾಳೆಹಣ್ಣು ತಂದಿಟ್ಟರು. ತಿನ್ನಲು ಮನಸ್ಸಾಗಲಿಲ್ಲ, ಆದರೂ ಎರಡು ತಿಂದೆ.

ಸುಟ್ಟದ್ದನ್ನು ಬಿಚ್ಚಿಟ್ಟು ಉಳಿದ ಒಂದರಲ್ಲೇ ಡೊಳ್ಳು ಹಚ್ಚಿದೆ. ಕಾಕಾ ಬಾಗಿಲ ಬಳಿ ನಿಂತು ಬೆರಳೆತ್ತಿದರು. "ಇಲ್ಲಿ ಹರೀತು ನೋಡ್ರಿ." ನನಗೆ ಕೇಳಿದ್ದು ಡೊಳ್ಳು ಮಾತ್ರ. ತುಂಬಿದ ಡೊಳ್ಳು. ಒಳಗಿದ್ದ ಭೀಮಬಾಯಿಯೂ, "ಪರ್ ಪರ್ ಅಂತದಲ್ರಿ ಯಪ್ಪಾ" ಎಂದರು.

ಕಾಕಾ ಸದ್ದು ಬಂದ್ ಮಾಡಿದರು. ಕೈಯಲ್ಲಿದ್ದ ಕೀಲಿ ಕೊಡುವ ಹಳೇ ಗಡಿಯಾರ ಬಿಚ್ಚಿ ನನ್ನ ಕಿವಿಗೆ ಹಿಡಿದರು.

"ಕೇಳಸ್ತದೇನು?"

"ನಿಂತದ ಕಾಕಾ."

ಗಡಿಯಾರವನ್ನು ನನ್ನ ಕಣ್ಣ ಮುಂದೆ ಹಿಡಿದರು. ಸೆಕೆಂಡಿನ ಮುಳ್ಳು ನಡೆಯುತ್ತಿತ್ತು. ಇನ್ನೊಂದು ಕಿವಿಗೆ ಹಿಡಿದರು. ಅಲ್ಲೂ ಇಲ್ಲ.

"ಡಿಪೋದಾಗ ಮೆಡಿಕಲ್ ಇದ್ದಾಗ ನಾವು ಮೊದಲ ಒಬ್ಬರಿಗೊಬ್ಬರು ಹಿಂಗ ನೋಡ್ಕೋತಿದ್ವಿ. ಕೇಳಸದಾಂವ ಬಾಯಿ ಬಿಡ್ತಿದ್ದಿಲ್ಲ. ಸ್ಟೇರಿಂಗ್ ಕಸಗೋತಾರಂತ ಅಂಜಿಕಿ." ನನ್ನ ಹೆಗಲ ಮೇಲೆ ಕೈ ಇಟ್ಟರು. "ನಂಗ ಪಯಲೇ ದಿನಾನೇ ಸಂಶಯ ಬಂದಿತ್ತು. ಹೆಂಗ ಹೇಳಬೇಕಂತ ತಿಳೀಲಿಲ್ಲ."

ಡಬ್ಬಿಯದು ತಪ್ಪಿರಲಿಲ್ಲ. ಪವರ್‌ನದೂ ಅಲ್ಲ. ಡೊಳ್ಳಿನ ಸದ್ದು ಕೆಳಗಿನದು, ಅದು ನನಗೆ ಕೇಳುತ್ತದೆ. ಒಡೆಯುವ ಸದ್ದು ಮೇಲಿನದು, ಅದು ಕೇಳುವುದಿಲ್ಲ. ಒಡೆಯಲಿಲ್ಲ, ಒಡೆಯಲಿಲ್ಲ ಎಂದು ತಿರುಪು ತಿರುಗಿಸುತ್ತಲೇ ಹೋಗಿ ತಾಳಲಾರದಷ್ಟು ಪವರ್ ಕೊಟ್ಟು ನಾನೇ ಎರಡು ಸಲ ಕಾಯಿಲ್ ಸುಟ್ಟೆ.

ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿ ಅತ್ತೆ. ಪಕ್ಕದವರು ಏನೋ ಕೇಳಿದರು. ಹ್ಞೂಂ ಎಂದೆ.

ಫೆಬ್ರವರಿ 3

ಅಂಗಡಿ ತೆರೆಯಲಿಲ್ಲ. ಜ್ವರ ಎಂದೆ.

ಫೆಬ್ರವರಿ 10, ಸೋಮವಾರ

ಆಸ್ಪತ್ರೆ ನಮ್ಮ ಅಂಗಡಿಯಿಂದ ನಾಲ್ಕು ಕಟ್ಟಡ ಆಚೆ. ಏಳು ದಿನ ಅದರ ಮುಂದೆಯೇ ಓಡಾಡಿ ಇವತ್ತು ಒಳಗೆ ಹೋದೆ. ಗಾಜಿನ ಕೋಣೆ, ಹೆಡ್‌ಫೋನ್, ಸದ್ದು ಕೇಳಿದಾಗ ಗುಂಡಿ ಒತ್ತಬೇಕು. ಗುಂಡಿ ಹಿಡಿದು ಸುಮ್ಮನೆ ಕೂತಿದ್ದೆ ಬಹಳ ಹೊತ್ತು. ಪರೀಕ್ಷೆ ಇನ್ನೂ ಶುರುವಾಗಿಲ್ಲ ಎಂದುಕೊಂಡಿದ್ದೆ.

ಡಾಕ್ಟರ್ ಕಾಗದದ ಮೇಲಿನ ಗೀರು ತೋರಿಸಿದರು. ಅರ್ಧದವರೆಗೆ ನೆಟ್ಟಗೆ, ಆಮೇಲೆ ಬಾವಿಗೆ ಬಿದ್ದಂತೆ. ಹೋದದ್ದು ಬರುವುದಿಲ್ಲ. ಕಿವಿಗೆ ಮಷಿನ್ ಹಾಕಿಕೊಳ್ಳಿ, ಜೋರು ಸದ್ದಿನ ಕೆಲಸ ಬಿಡಿ, ಉಳಿದದ್ದಾದರೂ ಉಳಿಯಲಿ. ಮನೆಯವರಿಗೆ ಹೇಳಿದ್ದೀರಾ ಎಂದೂ ಕೇಳಿದರು. ಹೇಳಿದ್ದೇನೆ ಎಂದೆ.

ಸುಳ್ಳು. ಕಿವಿ ಹೋದ ಝಹೀರ ಯಾರಿಗೆ ಬೇಕು? ಲತೀಫಾಗೆ ಹೇಳಿದರೆ ಅದು ನಿಜವಾಗಿಬಿಡುತ್ತದೆ. ಹೆದರಿಕೆ ಅಷ್ಟೇ. ಬೇರೇನೂ ಅಲ್ಲ.

ಫೆಬ್ರವರಿ 13, ಗುರುವಾರ

ಕಾಕಾ ಬಂದಿದ್ದರು. ನಾನೇ ಕರೆದಿದ್ದೆ. ಸುಟ್ಟ ಕಾಯಿಲ್ ಬದಲಿಸಿ, ಪೋರ್ಟೆಡ್, ಸೀಲ್ಡ್ ಎರಡೂ ಡಬ್ಬಿ ಶೆಡ್‌ನ ಅಂಗಳದಲ್ಲಿ ಇಟ್ಟು, ಒಂದಾದ ಮೇಲೊಂದು ಹಚ್ಚಿ, ಯಾವುದು ಬೇಕು ನೀವೇ ಹೇಳಿ ಎಂದೆ. ಇಂಥ ಮಾತು ಈ ಬಾಯಿಂದ ಮೊದಲ ಸಲ.

ಅವರು ಸೀಲ್ಡ್ ಡಬ್ಬಿಯ ಮೇಲೆ ಅಂಗೈ ಇಟ್ಟರು. "ಇದ ಇರಲ್ರಿ. ಡೊಳ್ಳಿಗಿ ಎರಡೂ ಕಡಿ ತೊಗಲ ಬಿಗದಿರ್ತದ. ಕಿಂಡಿ ಎಲ್ಲಿರ್ತದ?"

ಇಷ್ಟು ಸರಳ. ನನಗೆ ಹೊಳೆದಿರಲಿಲ್ಲ.

ಕಾಮ್ರಾನ್ ತಂದುಕೊಟ್ಟ ಮೀಟರ್ ಹಿಡಿದೆ. ಸ್ಪೀಕರ್ ವೈರ್ ಬಿಚ್ಚಿ, ಒಂದೇ ಸಮನಾದ ಸದ್ದು ಹಚ್ಚಿ ನೋಡಿದರೆ, ನನ್ನ ಕಿವಿ ಸೆಟ್ ಮಾಡಿದ್ದು ನಲವತ್ಮೂರು ವೋಲ್ಟ್. ಇರಬೇಕಾದ್ದು ಮೂವತ್ನಾಲ್ಕು. ತಿರುಪು ಹಿಂದಕ್ಕೆ ತಂದೆ. ಎಷ್ಟು ಹಿಂದಕ್ಕೆ... ನಾಚಿಕೆಯಾಯಿತು. ಡಬ್ಬಿಯನ್ನು ಗಾಡಿಯಲ್ಲಿ ಕೂರಿಸಿ, ವೈರ್ ಮತ್ತೆ ಜೋಡಿಸಿ ರೆಕಾರ್ಡಿಂಗ್ ಹಚ್ಚಿದೆ. ಕಾಕಾ ಸೀಟಿನಲ್ಲಿ ಕೂತು ಕಣ್ಣು ಮುಚ್ಚಿದರು. ಏಳದ ಭುಜ ಹಾಗೇ ಇತ್ತು, ಮಣಿಕಟ್ಟು ಮಾತ್ರ ತೊಡೆಯ ಮೇಲೆ ಬಾರಿಸುತ್ತಿತ್ತು. ಹಾಡು ಮುಗಿದ ಮೇಲೂ ಸ್ವಲ್ಪ ಹೊತ್ತು ಬಾರಿಸಿದರು.

"ಹರಕ ಸಪ್ಪಳ ಅದೇನು?" ಎಂದು ಕೇಳಿದೆ. ಇಲ್ಲ ಎಂದು ತಲೆಯಾಡಿಸಿದರು. ನಂಬಿದೆ. ನಂಬದೆ ಬೇರೆ ದಾರಿ ಇಲ್ಲ.

ಹೊರಡುವಾಗ ಕೇಳಿದರು, "ಮನ್ಯಾಗ ಹೇಳೀರಿ?"

"ಹ್ಞೂಂ."

"ಹ್ಞೂಂ ಅನಬ್ಯಾಡ್ರಿ. ಹೇಳ್ರಿ."

ಫೆಬ್ರವರಿ 14, ಶುಕ್ರವಾರ. ಬೆಳಿಗ್ಗೆ 8.15

ಅಂಗಳದಲ್ಲಿ ಬಿಸಿಲಿಗೆ ಬೆನ್ನು ಕೊಟ್ಟು ಬರೆಯುತ್ತಿದ್ದೇನೆ. ಕಾಲಿಗೆ ಸೊಳ್ಳೆ ಕಚ್ಚುತ್ತಿದೆ. ಅದರ ಜಾತಿ ಬದಲಾಗಿರಲಿಲ್ಲ. ಲತೀಫಾ ಗೊಣಗುವುದನ್ನೂ ಕಲಿತಿರಲಿಲ್ಲ. ಎಷ್ಟು ವರ್ಷದ ಮಾತು ಹೀಗೆ ಹೋಯಿತೋ. ಅವಳು ಹೇಳಿದಳು, ನಾನು ಹ್ಞೂಂ ಎಂದೆ, ಕೇಳಿಸಿಕೊಂಡೆ ಎಂದು ಅವಳು ನಂಬಿದಳು.

ಪುಟದ ಮೇಲೆ ನೆರಳು ಬಿತ್ತು. ಲತೀಫಾ, ಹಿಂದೆ ನಿಂತಿದ್ದಾಳೆ. ಎಷ್ಟು ಹೊತ್ತಾಯಿತೋ ಬಂದು. ನೆರಳಿನ ಕೈ ಆಡುತ್ತಿದೆ, ಏನೋ ಹೇಳುತ್ತಿರಬೇಕು. ಈಗ ಕೈ ನಿಂತಿತು. ಕಾಯುತ್ತಿದ್ದಾಳೆ.

ಹ್ಞೂಂ ಎನ್ನುವುದಿಲ್ಲ. ಪೆನ್ನು ಇಟ್ಟು ತಿರುಗುತ್ತೇನೆ. ಇನ್ನೊಮ್ಮೆ ಹೇಳು ಎನ್ನುತ್ತೇನೆ, ನನ್ನ ಮುಖ ನೋಡಿ ಹೇಳು, ನನಗೆ